ಯುಗಾದಿ ಚಂದ್ರನದು, ಬಿತ್ತನೆ ಮಳೆಯದು

ಯುಗಾದಿ ಹತ್ತಿರ ಬಂದಿತೆಂದರೆ ನಮ್ಮ ನೀಲಗಿರಿಯ ಒಕ್ಕಲು ಮನೆಗಳಲ್ಲಿ ಎರಡು ಪ್ರಶ್ನೆಗಳು ಏಳುವುದುಂಟು. ಬೇವಿನ ಹೂವು ಎಲ್ಲಿಂದ ತರಿಸುವುದು ಎಂಬುದು ಒಂದು. ಈ ವರುಷ ಮಳೆ ಹೇಗೆ, ಪಂಚಾಂಗದಲ್ಲಿ ಏನು ಬರೆದಿದೆ ಎಂಬುದು ಇನ್ನೊಂದು. ಮೊದಲನೆಯ ಪ್ರಶ್ನೆಗೆ ಮಸಿನಗುಡಿಯಿಂದ ಬರುವ ಯಾವುದಾದರೊಂದು ಬಸ್ಸು ಉತ್ತರ ಕೊಡುತ್ತದೆ. ಎರಡನೆಯದಕ್ಕೆ ಉತ್ತರ ಅಷ್ಟು ಸುಲಭವಲ್ಲ. ಆ ಉತ್ತರವನ್ನು ತಪ್ಪು ಕಡೆ ಹುಡುಕಿದ ಸಂಸಾರಗಳು ಮಣ್ಣಿಗೆ ಹಾಕಿದ ಬೀಜವನ್ನೂ ಕೈಗೆ ಬಂದ ಸಾಲವನ್ನೂ ಒಟ್ಟಿಗೆ ನೋಡಬೇಕಾಗಿ ಬಂದುದನ್ನು ನಾವು ಕಂಡಿದ್ದೇವೆ.

ಆದುದರಿಂದ ಈ ಸಾರಿ ಹಬ್ಬದ ವಿಚಾರವನ್ನೇ ಸ್ವಲ್ಪ ಬಿಡಿಸಿ ನೋಡೋಣ. ಯುಗಾದಿಯ ದಿನ ಹೇಗೆ ಗೊತ್ತಾಗುತ್ತದೆ? ಮಳೆ ನಕ್ಷತ್ರಗಳಿಗೂ ಯುಗಾದಿಗೂ ಏನು ಸಂಬಂಧ? ಪಂಚಾಂಗ ಶ್ರವಣದಲ್ಲಿ ಹೇಳುವ ಮೇಘಾಧಿಪತಿ ಯಾರು? ಹೊನ್ನೇರು ಕಟ್ಟುವುದು ಏತಕ್ಕೆ? ಇವನ್ನು ಅರಿತರೆ ಹಬ್ಬದ ಗೌರವ ಕಡಿಮೆಯಾಗುವುದಿಲ್ಲ; ಹೆಚ್ಚುತ್ತದೆ.

ಬೇವು ಬೆಳೆಯದ ಊರಿನ ಬೇವು-ಬೆಲ್ಲ

ಯುಗ ಮತ್ತು ಆದಿ ಸೇರಿ ಯುಗಾದಿ. ವರುಷದ ಮೊದಲ ದಿನವೆಂದು ಅರ್ಥ. ಚೈತ್ರ ಮಾಸದ ಶುಕ್ಲ ಪಾಡ್ಯಮಿಯಂದು ಕನ್ನಡಿಗರೂ ತೆಲುಗರೂ ಇದನ್ನು ಆಚರಿಸುವರು. ಮರಾಠಿಗರಿಗೆ ಅದೇ ದಿನ ಗುಡಿ ಪಾಡ್ಯ. ಬೆಳಗ್ಗೆ ಎಣ್ಣೆನೀರು, ಬಾಗಿಲಿಗೆ ಮಾವಿನ ತೋರಣ, ದೇವರಿಗೆ ಪೂಜೆ, ಎಲ್ಲರಿಗೂ ಬೇವು-ಬೆಲ್ಲ, ಮಧ್ಯಾಹ್ನ ಹೋಳಿಗೆಯೂಟ, ಸಂಜೆ ಪಂಚಾಂಗ ಶ್ರವಣ. ಇದು ಎಲ್ಲರೂ ಬಲ್ಲ ಕ್ರಮ. ಹಬ್ಬದ ಮರುದಿನ ಮೈಸೂರು ಸೀಮೆಯವರಿಗೆ ವರ್ಷತೊಡಕು. ಬಿದಿಗೆಯ ಚಂದ್ರನನ್ನು ನೋಡಿ ಹಿರಿಯರಿಗೆ ನಮಸ್ಕರಿಸುವುದೂ ರೂಢಿ.

ಮಲೆಯ ಮೇಲಿನವರಿಗೆ ಈ ಸಾಮಾನುಗಳೇ ಒಂದು ಪಾಠ. ಉದಕಮಂಡಲ ಸಮುದ್ರ ಮಟ್ಟದಿಂದ ಸುಮಾರು 2,240 ಮೀಟರು ಎತ್ತರದಲ್ಲಿದೆ. ಹಿಮ ಬೀಳುವ ಆ ಚಳಿಯಲ್ಲಿ ಬೇವೂ ಇಲ್ಲ, ಮಾವೂ ಇಲ್ಲ. ಕಲ್ಹಟ್ಟಿ ಘಾಟಿಯ 36 ತಿರುವುಗಳನ್ನು ಇಳಿದು ಸೀಗೂರು ಬಯಲಿಗೆ ಬಂದರೆ ಬೇವು ಹೂ ಬಿಟ್ಟು ನಿಂತಿರುತ್ತದೆ, ಮಾವು ಚಿಗುರಿರುತ್ತದೆ. ಕಾಡಿನಲ್ಲಿ ಮುತ್ತುಗದ ಹೂ ಮುಗಿಯುವ, ಕಕ್ಕೆಯ ಹೂ ತೊಡಗುವ ಕಾಲವದು. ಹೀಗೆ ಮೇಲಿನವರ ಹಬ್ಬದ ತೋರಣ ಕೆಳಗಿನಿಂದ ಬರುತ್ತದೆ. ಕೆಳಗಿನವರ ಹೋಳಿಗೆಯೂಟದ ಕ್ಯಾರೆಟ್ಟು, ಹುರುಳಿಕಾಯಿ ಮೇಲಿನಿಂದ ಬರುತ್ತದೆ. ಒಂದೇ ಜಿಲ್ಲೆಯಲ್ಲಿ ಎರಡು ಋತುಗಳು ಏಕಕಾಲಕ್ಕೆ ಇರುವುದನ್ನು ಈ ಹಬ್ಬದ ದಿನ ಕಣ್ಣಾರೆ ಕಾಣಬಹುದು. ಈ ಮಾತನ್ನು ಓದುಗರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಪಂಚಾಂಗದ ಮಳೆಯ ವಿಚಾರಕ್ಕೆ ಬಂದಾಗ ಅದು ಬೇಕಾಗುತ್ತದೆ.

ಬೇವು-ಬೆಲ್ಲದ ಅರ್ಥವನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಬರುವ ವರುಷದ ಕಹಿಯನ್ನೂ ಸಿಹಿಯನ್ನೂ ಒಂದೇ ತುತ್ತಿನಲ್ಲಿ ಒಪ್ಪಿಕೊಳ್ಳುತ್ತೇವೆ ಎಂಬ ಮಾತು ಅದು. ಎರಡನ್ನೂ ಬೆರೆಸಿಯೇ ಕೊಡುವರು. ಬೆಲ್ಲವನ್ನು ಮಾತ್ರ ಆರಿಸಿ ತಿನ್ನುವಂತಿಲ್ಲ. ಬೇಸಾಯಗಾರನಿಗೆ ಇದು ಬರಿಯ ಉಪದೇಶವಲ್ಲ, ಅನುಭವ.

ಚಂದ್ರನ ವರುಷ, ಸೂರ್ಯನ ವರುಷ

ಯುಗಾದಿ ಒಂದು ವರುಷ ಮಾರ್ಚಿಯಲ್ಲಿ, ಇನ್ನೊಂದು ವರುಷ ಏಪ್ರಿಲಿನಲ್ಲಿ ಬರುವುದೇಕೆ ಎಂದು ಶಾಲೆಯ ಮಕ್ಕಳು ಕೇಳುವುದುಂಟು. ನಾವು ಅವರಿಗೆ ಎರಡು ಎತ್ತುಗಳ ಲೆಕ್ಕ ಹೇಳುತ್ತೇವೆ.

ಒಂದು ಅಮಾವಾಸ್ಯೆಯಿಂದ ಮತ್ತೊಂದು ಅಮಾವಾಸ್ಯೆಗೆ ಸುಮಾರು 29 ದಿನ 12 ಗಂಟೆ 44 ನಿಮಿಷ. ಇಂಥ ಹನ್ನೆರಡು ತಿಂಗಳು ಸೇರಿದರೆ ಸುಮಾರು 354 ದಿನ. ಇದು ಚಂದ್ರನ ವರುಷ. ಸೂರ್ಯನ ವರುಷಕ್ಕೆ 365 ದಿನಗಳೂ ಮೇಲೆ ಸುಮಾರು 6 ಗಂಟೆಗಳೂ ಬೇಕು. ಒಂದೇ ನೊಗಕ್ಕೆ ಕಟ್ಟಿದ ಎರಡು ಎತ್ತುಗಳಲ್ಲಿ ಒಂದರದು ಗಿಡ್ಡ ಹೆಜ್ಜೆ, ಇನ್ನೊಂದರದು ನೀಳ ಹೆಜ್ಜೆ ಎಂದುಕೊಳ್ಳಿ. ವರುಷಕ್ಕೆ 11 ದಿನಗಳಷ್ಟು ಅಂತರ ಬೀಳುತ್ತದೆ. ಹಾಗೆಯೇ ಬಿಟ್ಟರೆ ಯುಗಾದಿ ಹಿಂದೆ ಹಿಂದೆ ಸರಿದು ಮಾಗಿಯ ಚಳಿಗೆ ಹೋಗಿ ನಿಲ್ಲುತ್ತಿತ್ತು. ನಮ್ಮ ಹಿರಿಯರು ಸುಮಾರು ಎರಡು ವರುಷ ಎಂಟು ತಿಂಗಳಿಗೊಮ್ಮೆ ಒಂದು ಅಧಿಕ ಮಾಸವನ್ನು ಸೇರಿಸಿ ಎರಡು ಎತ್ತುಗಳನ್ನೂ ಸರಿಗೂಡಿಸಿದರು. 19 ವರುಷಗಳಲ್ಲಿ ಇಂಥ ಅಧಿಕ ಮಾಸಗಳು 7 ಬರುತ್ತವೆ.

ಆದುದರಿಂದ ಹಬ್ಬ ಹಿಂದೆ ಮುಂದೆ ಸರಿದಾಡುತ್ತದೆ, ಆದರೆ ವಸಂತವನ್ನು ಬಿಟ್ಟು ಹೋಗುವುದಿಲ್ಲ. 2018ರಲ್ಲಿ ಯುಗಾದಿ ಮಾರ್ಚ್ 18ರಂದು. 2021ರಲ್ಲಿ ಏಪ್ರಿಲ್ 13ರಂದು. 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಮೊದಲ ಎರಡು ದಿನಾಂಕಗಳನ್ನು ಹೋಲಿಸಿ ನೋಡಿ. ನಡುವೆ 26 ದಿನಗಳ ವ್ಯತ್ಯಾಸ! ಯುಗಾದಿಯಾಗಿ ಇಷ್ಟು ದಿನಕ್ಕೆ ಬಿತ್ತಬೇಕು ಎಂದು ಯಾರಾದರೂ ಲೆಕ್ಕ ಹಿಡಿದರೆ, ಒಂದು ವರುಷದ ಬಿತ್ತನೆಗೂ ಇನ್ನೊಂದು ವರುಷದ ಬಿತ್ತನೆಗೂ ಹೆಚ್ಚು ಕಡಿಮೆ ಒಂದು ತಿಂಗಳ ಅಂತರ ಬೀಳುವುದು. ಮೋಡ ಚಂದ್ರನನ್ನು ನೋಡಿ ಬರುವುದಿಲ್ಲ. ಅದಕ್ಕೆ ಸೂರ್ಯನ ಕಾವು, ಕಡಲಿನ ಗಾಳಿ ಇವೇ ಪ್ರಮಾಣ.

ಇನ್ನು ನಮ್ಮ ನೆರೆಹೊರೆಯವರನ್ನು ನೋಡೋಣ. ನೀಲಗಿರಿ ಮೂರು ಸೀಮೆಗಳು ಕೂಡುವ ಜಾಗ. ಗೂಡಲೂರಿನ ಒಂದೇ ಬೀದಿಯಲ್ಲಿ ತಮಿಳರು ಚಿತ್ತಿರೈ ತಿಂಗಳ ಮೊದಲ ದಿನ ಹೊಸ ವರುಷ ಮಾಡುವರು. ಮಲೆಯಾಳಿಗಳು ಮೇಡ ತಿಂಗಳ ಆರಂಭಕ್ಕೆ ವಿಷು ಕಣಿ ಇಡುವರು. ಇವೆರಡೂ ಸೂರ್ಯನ ಲೆಕ್ಕ. ಸೂರ್ಯನು ಮೇಷರಾಶಿಗೆ ಬರುವ ಸಂಕ್ರಮಣವೇ ಅದಕ್ಕೆ ಆಧಾರ. ಆದ್ದರಿಂದ ಅವು ಪ್ರತಿ ವರುಷ ಏಪ್ರಿಲ್ 14ರ ಆಸುಪಾಸಿನಲ್ಲಿಯೇ ಬೀಳುತ್ತವೆ. ದಕ್ಷಿಣ ಕನ್ನಡದ ತುಳುವರ ಬಿಸುವೂ ಇದೇ. ತಮಿಳುನಾಡಿನಲ್ಲಿ 2008ರಲ್ಲಿ ಒಂದು ಕಾನೂನಿನ ಮೂಲಕ ಹೊಸ ವರುಷವನ್ನು ತೈ ತಿಂಗಳಿಗೆ ಮಾರ್ಪಡಿಸಿದ್ದರು. 2011ರಲ್ಲಿ ಅದನ್ನು ರದ್ದುಮಾಡಿ ಮತ್ತೆ ಚಿತ್ತಿರೈಗೇ ತಂದರು. ಹೀಗೆ ನಮ್ಮ ಕಡೆಯ ಮಕ್ಕಳಿಗೆ ಕೆಲವೇ ವಾರಗಳ ಒಳಗೆ ಎರಡೆರಡು ಹೊಸ ವರುಷ, ಎರಡೆರಡು ಪಾಯಸ.

ಮಳೆ ನಕ್ಷತ್ರ ಯಾರ ಲೆಕ್ಕ?

ಇಲ್ಲಿ ಒಂದು ಸ್ವಾರಸ್ಯವಿದೆ. ಹಬ್ಬವನ್ನು ಚಂದ್ರನ ಲೆಕ್ಕದಿಂದ ಮಾಡುವ ಕನ್ನಡದ ರೈತನು ಮಳೆಯನ್ನು ಮಾತ್ರ ಸೂರ್ಯನ ಲೆಕ್ಕದಿಂದಲೇ ಎಣಿಸುತ್ತಾನೆ. ಅಶ್ವಿನಿ ಮಳೆ, ಭರಣಿ ಮಳೆ, ಕೃತ್ತಿಕೆ, ರೋಹಿಣಿ ಎಂದು ನಾವು ಹೇಳುವ ಹೆಸರುಗಳು ಚಂದ್ರನ ದಿನದಿನದ ನಕ್ಷತ್ರಗಳಲ್ಲ. ಸೂರ್ಯನು ಆಯಾ ನಕ್ಷತ್ರದಲ್ಲಿ ಇರುವ ಅವಧಿಯೇ ಆ ಮಳೆ. 27 ನಕ್ಷತ್ರಗಳನ್ನು ಸೂರ್ಯನು ಒಂದು ವರುಷದಲ್ಲಿ ದಾಟಬೇಕಾದುದರಿಂದ ಒಂದೊಂದಕ್ಕೆ 13 ಇಲ್ಲವೆ 14 ದಿನ ಬರುತ್ತದೆ.

ಸುಮಾರಾಗಿ ಏಪ್ರಿಲ್ 14ಕ್ಕೆ ಅಶ್ವಿನಿ, 27-28ಕ್ಕೆ ಭರಣಿ, ಮೇ 11ಕ್ಕೆ ಕೃತ್ತಿಕೆ, 25ಕ್ಕೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ ಹುಟ್ಟುತ್ತವೆ. ಒಂದು ದಿನ ಅತ್ತಿತ್ತ ಆಗಬಹುದು. ಅಶ್ವಿನಿ ಹುಟ್ಟುವ ದಿನ ಯಾವುದು? ನೆರೆಯ ತಮಿಳರ, ಮಲೆಯಾಳಿಗಳ ಹೊಸ ವರುಷದ ದಿನವೇ! ಅಂದರೆ ನಮ್ಮ ಹಬ್ಬ ನಮ್ಮದಾದರೂ ನಮ್ಮ ಮಳೆಯ ವರುಷ ಶುರುವಾಗುವುದು ನೆರೆಮನೆಯ ಹಬ್ಬದಂದು. ಹಿರಿಯರು ಇದನ್ನು ಬಲ್ಲವರಾಗಿದ್ದರು. ಹಬ್ಬಕ್ಕೆ ಒಂದು ಲೆಕ್ಕ, ಹೊಲಕ್ಕೆ ಒಂದು ಲೆಕ್ಕ ಎಂದು ಎರಡನ್ನೂ ಕಲಸದೆ ಬೇರೆ ಬೇರೆಯಾಗಿ ಇಟ್ಟುಕೊಂಡಿದ್ದರು.

ಭರಣಿ ಸುರಿದರೆ ಧರಣಿಯೆಲ್ಲ ಬೆಳೆ ಎಂಬಂಥ ಗಾದೆಗಳು ಹುಟ್ಟಿದ್ದು ಈ ಸೂರ್ಯನ ಲೆಕ್ಕದಿಂದ. ಹಲವು ತಲೆಮಾರುಗಳು ಮಳೆಯನ್ನು ನೋಡಿ ನೋಡಿ ಕಟ್ಟಿದ ಮಾತುಗಳಾದುದರಿಂದ ಅವುಗಳಿಗೆ ಬೆಲೆಯಿದೆ. ಆದರೆ ಎರಡು ಸಂಗತಿಗಳನ್ನು ಮರೆಯಬಾರದು. ಒಂದು: ಗಾದೆ ಹುಟ್ಟಿದ ಸೀಮೆ ಬೇರೆ, ನಮ್ಮ ಹೊಲವಿರುವ ಸೀಮೆ ಬೇರೆ. ಜೋಳದ ನಾಡಿನ ಗಾದೆ ಆಲೂಗಡ್ಡೆಯ ಗುಡ್ಡಕ್ಕೆ ಹೊಂದಬೇಕೆಂದಿಲ್ಲ. ಎರಡು: ಈ ನಕ್ಷತ್ರಗಳ ದಿನಗಳೂ ಋತುಗಳೊಡನೆ ಹೋಲಿಸಿದರೆ ನಿಧಾನವಾಗಿ ಮುಂದೆ ಸರಿಯುತ್ತಿವೆ. ಹಗಲು ರಾತ್ರಿಗಳು ಸಮವಾಗುವ ವಸಂತದ ದಿನ ಮಾರ್ಚ್ 20-21. ಮೇಷ ಸಂಕ್ರಮಣಕ್ಕೂ ಅದಕ್ಕೂ ಸುಮಾರು 24 ದಿನಗಳ ಅಂತರ ಬಿದ್ದಿದೆ. ಭೂಮಿಯ ಅಕ್ಷ ಬುಗುರಿಯಂತೆ ಮೆಲ್ಲನೆ ಓಲಾಡುವುದೇ ಇದಕ್ಕೆ ಕಾರಣ. ಸುಮಾರು 70 ವರುಷಕ್ಕೆ ಒಂದು ದಿನ ಸರಿಯುತ್ತದೆ. 500 ವರುಷಗಳ ಹಿಂದಿನ ಗಾದೆಯಾದರೆ ಅದರ ನಕ್ಷತ್ರ ಇಂದು ಒಂದು ವಾರ ತಡವಾಗಿ ಹುಟ್ಟುತ್ತಿದೆಯೆಂದು ತಿಳಿಯಬೇಕು.

ಈ ತೊಡಕನ್ನು ಸರಿಪಡಿಸಲು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅವರ ಅಧ್ಯಕ್ಷತೆಯಲ್ಲಿ ಭಾರತ ಸರಕಾರದ ಪಂಚಾಂಗ ಸುಧಾರಣಾ ಸಮಿತಿ ಏರ್ಪಟ್ಟಿತು. ಅದರ ಸಲಹೆಯಂತೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಶಕ ಪಂಚಾಂಗ ಜಾರಿಗೆ ಬಂದಿತು. ಅದರಲ್ಲಿ ಚೈತ್ರದ ಮೊದಲ ದಿನ ಯಾವಾಗಲೂ ಮಾರ್ಚ್ 22. ಅಧಿಕ ದಿನವಿರುವ ವರುಷ ಮಾತ್ರ 21. ಸರಕಾರದ ಕಾಗದಪತ್ರಗಳಲ್ಲಿ ಅದು ಉಂಟು. ಜನರ ಹಬ್ಬಗಳು ಹಳೆಯ ಲೆಕ್ಕದಲ್ಲಿಯೇ ನಡೆದಿವೆ.

ಪಂಚಾಂಗ ಶ್ರವಣದ ಮೇಘಾಧಿಪತಿ

ತಿಥಿ, ವಾರ, ನಕ್ಷತ್ರ, ಯೋಗ, ಕರಣ. ಈ ಐದು ಅಂಗಗಳುಳ್ಳದ್ದು ಪಂಚಾಂಗ. ಇವು ಆಕಾಶದ ಗಣಿತ. ಗ್ರಹಣವು ಯಾವ ದಿನ, ಎಷ್ಟು ಹೊತ್ತಿಗೆ ಎಂದು ಮುಂಚಿತವಾಗಿ ಹೇಳಬಲ್ಲ ಗಣಿತವಾದುದರಿಂದ ಅದರ ವಿಷಯದಲ್ಲಿ ನಮಗೆ ಗೌರವವಿದೆ.

ಯುಗಾದಿಯ ಸಂಜೆ ಓದುವ ಫಲಭಾಗ ಬೇರೆಯ ಬಗೆಯದು. ಅಲ್ಲಿ ವರುಷಕ್ಕೆ ಒಬ್ಬ ರಾಜ, ಒಬ್ಬ ಮಂತ್ರಿ, ಸೇನಾಧಿಪತಿ, ಸಸ್ಯಾಧಿಪತಿ, ಧಾನ್ಯಾಧಿಪತಿ, ಮೇಘಾಧಿಪತಿ ಮೊದಲಾದ ನವನಾಯಕರು ಇರುವರು. ಇವರನ್ನು ಆರಿಸುವ ಕ್ರಮವನ್ನು ಅನೇಕರು ವಿಚಾರಿಸಿರುವುದಿಲ್ಲ. ಯುಗಾದಿ ಯಾವ ವಾರ ಬೀಳುತ್ತದೆಯೋ ಆ ವಾರದ ಒಡೆಯನೇ ರಾಜ. 2024ರ ಯುಗಾದಿ ಮಂಗಳವಾರ, ಕುಜ ರಾಜನಾದನು. 2025ರದು ಭಾನುವಾರ, ಸೂರ್ಯ ರಾಜನಾದನು. 2026ರದು ಗುರುವಾರ, ಗುರುವೇ ರಾಜ. ಮೇಷ ಸಂಕ್ರಮಣದ ವಾರದಿಂದ ಮಂತ್ರಿ. ಸೂರ್ಯನು ಆರಿದ್ರಾ ನಕ್ಷತ್ರಕ್ಕೆ ಬರುವ ವಾರದಿಂದ ಮೇಘಾಧಿಪತಿ. ಶುಕ್ರನೋ ಚಂದ್ರನೋ ಬಂದರೆ ಮಳೆ ಹೇರಳ, ಕುಜನೋ ಶನಿಯೋ ಬಂದರೆ ಕೊರತೆ ಎಂದು ಫಲ ಹೇಳುವರು. ಅಂದಮೇಲೆ ಮಳೆಯ ತೀರ್ಮಾನ ನಿಂತಿರುವುದು ವಾರದ ಏಳು ದಿನಗಳಲ್ಲಿ ಯಾವುದು ಎಂಬುದರ ಮೇಲೆ!

ಈಗ ಮೊದಲು ಹೇಳಿದ ಮಾತಿಗೆ ಬರೋಣ. ಮಸಿನಗುಡಿಗೂ ಗೂಡಲೂರಿಗೂ ಸುಮಾರು 25 ಕಿಲೋಮೀಟರು ದಾರಿ. ಗೂಡಲೂರಿನ ಆಚೆ ದೇವಾಲ, ಪಂದಲೂರುಗಳ ಕಡೆ ಮುಂಗಾರಿನ ಹೊಡೆತ ಎಷ್ಟೆಂದರೆ ತಮಿಳುನಾಡಿನಲ್ಲಿಯೇ ಹೆಚ್ಚು ಮಳೆ ಬೀಳುವ ಜಾಗಗಳಲ್ಲಿ ದೇವಾಲವೂ ಒಂದು. ಮಸಿನಗುಡಿಯಾದರೋ ಮಲೆಯ ಮರೆಯಲ್ಲಿದೆ. ಅಲ್ಲಿ ಮುಂಗಾರಿನ ಮೋಡ ತಲೆಯ ಮೇಲೆ ಓಡುತ್ತದೆ, ಇಳಿಯುವುದು ಕಡಿಮೆ; ಏಪ್ರಿಲ್ ಮೇ ತಿಂಗಳ ಗುಡುಗಿನ ಮಳೆಯನ್ನೂ ಅಕ್ಟೋಬರಿನ ಹಿಂಗಾರನ್ನೂ ನೆಚ್ಚಿಕೊಂಡು ರೈತರು ಬಾಳಬೇಕು. ಇವೆರಡು ಊರುಗಳಿಗೂ, ಹಿಮ ಬೀಳುವ ಉದಕಮಂಡಲಕ್ಕೂ, ಗುಂಡ್ಲುಪೇಟೆಯ ಬಯಲಿಗೂ ಪಂಚಾಂಗ ಹೇಳುವ ಮೇಘಾಧಿಪತಿ ಒಬ್ಬನೇ. ನಾಲ್ಕು ಊರಿಗೆ ಒಂದೇ ಅಳತೆಯ ಅಂಗಿ ಹೊಲಿಸಿದರೆ ಯಾರಿಗೆ ಸರಿಹೋದೀತು?

ಪಂಚಾಂಗ ಓದುವವರನ್ನು ನಾವು ದೂರುವುದಿಲ್ಲ. ಊರವರೆಲ್ಲ ಒಂದು ಕಡೆ ಕುಳಿತು ವರುಷದ ಮಾತನ್ನು ಕೇಳುವುದು ಒಳ್ಳೆಯ ಪದ್ಧತಿ. ಆದರೆ ಕೇಳಿದ್ದನ್ನು ಬೀಜದ ಚೀಲದವರೆಗೆ ಕೊಂಡೊಯ್ಯಬಾರದು. ನಮ್ಮ ಸೀಮೆಯ ಒಂದು ಸಂಸಾರದಲ್ಲಿ ಹೀಗಾಯಿತು. ಆ ವರುಷ ಮೇಘಾಧಿಪತಿ ಶುಭನೆಂದು ಕೇಳಿ ಬಂದಿದ್ದರು. ಹಬ್ಬವಾದ ವಾರದಲ್ಲಿಯೇ ಒಂದು ಸಂಜೆ ಮಳೆ ಬಿದ್ದಿತು. ನೆಲ ಮೇಲೆ ತೊಯ್ದಿತ್ತು, ಕೆಳಗೆ ಒಣಗಿತ್ತು. ಮಾತನ್ನು ನಂಬಿ ರಾಗಿ ಚೆಲ್ಲಿದರು. ಮೊಳಕೆ ಕಾಣಿಸಿತು. ಆಮೇಲೆ ಮೂರು ವಾರ ಹನಿಯಿಲ್ಲ. ಎರಡನೆಯ ಬಿತ್ತನೆಗೆ ಬೀಜವನ್ನೂ ಉಳುಮೆಯನ್ನೂ ಸಾಲದಿಂದ ಮಾಡಿದರು. ಬೆಳೆ ಬಂದಿತು, ಬಡ್ಡಿಗೆ ಹೋಯಿತು. ರಾಗಿಯಾದುದರಿಂದ ನಷ್ಟ ಅಷ್ಟಕ್ಕೆ ನಿಂತಿತು. ಎಕರೆಗೆ ನಾಲ್ಕೈದು ಕಿಲೋ ರಾಗಿ ಬೀಜ ಸಾಕು. ಮೇಲಿನ ಗುಡ್ಡಗಳಲ್ಲಿ ಆಲೂಗಡ್ಡೆಗೆ ಎಕರೆಗೆ ಒಂದು ಟನ್ನಿನಷ್ಟು ಬಿತ್ತನೆ ಗೆಡ್ಡೆ ಬೇಕು. ಅದು ಮಣ್ಣಿನಲ್ಲಿ ಕೆಟ್ಟರೆ ಒಂದು ವರುಷದ ಬಾಳೇ ಕೆಟ್ಟಂತೆ.

ಹೊನ್ನೇರು ಎಂದರೇನು?

ಹಾಗಾದರೆ ಯುಗಾದಿಯಂದು ಹಿರಿಯರು ನೇಗಿಲು ಹೂಡುತ್ತಿದ್ದುದು ಏತಕ್ಕೆ ಎಂದು ಕೇಳಬಹುದು. ಅದು ಸರಿಯಾದ ಪ್ರಶ್ನೆ.

ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿ ಯುಗಾದಿಯಂದು ಹೊನ್ನೇರು ಕಟ್ಟುವರು. ಹೊನ್ನಾರು ಎಂದೂ ಹೇಳುವುದುಂಟು. ನೇಗಿಲು ನೊಗಗಳನ್ನು ತೊಳೆದು ಅರಿಸಿನ ಕುಂಕುಮ ಹಚ್ಚಿ, ಎತ್ತುಗಳ ಮೈ ತೊಳೆದು ಕೊಂಬಿಗೆ ಹೂ ಕಟ್ಟಿ, ಊರವರೆಲ್ಲ ಸೇರಿ ಹೊಲಕ್ಕೆ ಹೋಗಿ ಕೆಲವು ಸಾಲು ಉಳುವರು. ಮೊದಲ ನೇಗಿಲು ಯಾರದೆಂಬುದನ್ನು ಪಂಚಾಂಗ ನೋಡಿ ಹೆಸರಿನ ಬಲದಿಂದ ಗೊತ್ತುಮಾಡುವರು. ಇದರಿಂದ ಒಂದು ಉಪಕಾರವಾಗುತ್ತಿತ್ತು. ಹೆಸರು ಕೂಡಿಬಂದರೆ ಬಡವನ ಬಡಕಲು ಎತ್ತುಗಳೂ ಆ ದಿನ ಗೌಡರ ಜೋಡಿಯ ಮುಂದೆ ನಡೆಯುತ್ತಿದ್ದವು.

ಈ ಹೊನ್ನೇರು ನಮ್ಮೊಬ್ಬರದೇ ಅಲ್ಲ. ತಮಿಳುನಾಡಿನ ಹಳ್ಳಿಗಳಲ್ಲಿ ಚಿತ್ತಿರೈ ತಿಂಗಳಲ್ಲಿ ಪೊನ್ನೇರ್ ಪೂಟ್ಟುವರು. ಕನ್ನಡದ ಹೊನ್ನು ತಮಿಳಿನಲ್ಲಿ ಪೊನ್. ಏರು ಎರಡು ಭಾಷೆಯಲ್ಲಿಯೂ ನೇಗಿಲೇ. ಹಾಲು ಪಾಲ್ ಆದಂತೆ, ಹೂವು ಪೂ ಆದಂತೆ ಹೊನ್ನೇರು ಪೊನ್ನೇರ್ ಆಗಿದೆ. ಹಳಗನ್ನಡದಲ್ಲಿ ನಾವೂ ಪೊನ್ ಎಂದೇ ಅನ್ನುತ್ತಿದ್ದೆವು. ಕೇರಳದ ರೈತರು ವಿಷುವಿನ ಹೊತ್ತಿಗೆ ಮೊದಲ ಚಾಲು ಹಾಕುವರು. ನಮ್ಮ ನೀಲಗಿರಿಯ ಬಡಗರ ಹಳೆಯ ಪದ್ಧತಿಯಲ್ಲಿ ಬಿತ್ತನೆಯ ಮೊದಲ ಹಿಡಿಯನ್ನು ಬಡಗರವನು ತಾನೇ ಹಾಕದೆ ಕಾಡಿನ ಕುರುಂಬರವನಿಂದ ಹಾಕಿಸುತ್ತಿದ್ದನು. ಉಳುವ ಕಬ್ಬಿಣವನ್ನು ಕೋತರು ಮಾಡಿ ಕೊಡುತ್ತಿದ್ದರು. ಭಾಷೆ ಬೇರೆ, ಪಂಚಾಂಗ ಬೇರೆ, ದೇವರ ಹೆಸರು ಬೇರೆ. ಮೊದಲ ಸಾಲು ಮಾತ್ರ ಎಲ್ಲರದೂ ಒಂದೇ. ಅದನ್ನು ಯಾರೂ ಒಬ್ಬರೇ ಹಾಕುತ್ತಿರಲಿಲ್ಲ ಎಂಬುದೂ ಎಲ್ಲ ಕಡೆಯೂ ಒಂದೇ.

ಈಗ ಮುಖ್ಯ ಮಾತು. ಹೊನ್ನೇರು ಬಿತ್ತನೆಯಲ್ಲ. ಕೆಲವು ಕಡೆ ಶಾಸ್ತ್ರಕ್ಕೆ ಒಂದು ಹಿಡಿ ಕಾಳು ಚೆಲ್ಲುವುದುಂಟು; ಅದು ಹಕ್ಕಿಗೂ ಇರುವೆಗೂ. ಯಾವ ಹಿರಿಯನೂ ಹೊನ್ನೇರಿನ ದಿನ ಬೀಜದ ಕಣಜವನ್ನು ಬರಿದುಮಾಡಲಿಲ್ಲ. ಬೇಸಗೆಯ ಆಲಸ್ಯ ಮುಗಿಯಿತು, ಎತ್ತುಗಳನ್ನು ನೋಡಿಕೊಂಡೆವು, ನೇಗಿಲಿನ ಬಿರುಕು ಕಂಡಿತು, ಇನ್ನು ಮೊದಲ ಹದಮಳೆಗೆ ನಾವು ಸಿದ್ಧ ಎಂದು ನೆಲಕ್ಕೆ ಮಾತು ಕೊಡುವುದೇ ಹೊನ್ನೇರು. ಮಾತು ಕೊಡುವ ದಿನವನ್ನು ಚಂದ್ರ ಗೊತ್ತುಮಾಡಲಿ, ಅದರಿಂದ ಕೆಡುಕಿಲ್ಲ. ಮಾತನ್ನು ನಡೆಸುವ ದಿನವನ್ನು ಮಳೆಯೇ ಗೊತ್ತುಮಾಡಬೇಕು.

ಈಗ ಎತ್ತುಗಳು ಕಡಿಮೆ. ಟ್ರಾಕ್ಟರು, ಸಣ್ಣ ಟಿಲ್ಲರುಗಳು ಬಂದಿವೆ. ಟ್ರಾಕ್ಟರಿಗೆ ಹೂವಿನ ಹಾರ ಹಾಕಿ ಹೊನ್ನೇರು ಮಾಡುವುದನ್ನು ಕಂಡು ಕೆಲವರು ನಗುವರು. ನಗಬೇಕಾದುದಿಲ್ಲ. ಹಾರ ಹಾಕಿ ಎಣ್ಣೆ, ಬೋಲ್ಟು ನೋಡದೆ ಬಿಟ್ಟರೆ ಮಾತ್ರ ನಗಬೇಕು.

ಯುಗಾದಿಯ ವಾರದಲ್ಲಿ ಮಾಡತಕ್ಕ ಕೆಲಸಗಳು

ಹಬ್ಬದ ಒಂದೊಂದು ಆಚಾರಕ್ಕೂ ಒಂದೊಂದು ಬೇಸಾಯದ ಕೆಲಸವನ್ನು ಸೇರಿಸಿಕೊಂಡರೆ ನೆನಪಿಡುವುದು ಸುಲಭ. ನಾವು ಹೀಗೆ ಮಾಡುತ್ತೇವೆ.

ಮನೆ ತೊಳೆಯುವ ದಿನ ಹತಾರಗಳನ್ನೂ ತೊಳೆಯಬೇಕು. ಆಲೂಗಡ್ಡೆಯ ಬೇರಿಗೆ ಹತ್ತುವ ಸುತ್ತುಹುಳು ನಮ್ಮ ನೀಲಗಿರಿಯಲ್ಲಿ 1961ರಲ್ಲಿ ಮೊದಲು ಕಾಣಿಸಿತು. ಸಾಸಿವೆಗಿಂತ ಸಣ್ಣದಾದ ಅದರ ತತ್ತಿಯ ಗೂಡುಗಳು ಬೆಳೆಯಿಲ್ಲದಿದ್ದರೂ ಮಣ್ಣಿನಲ್ಲಿ ಹಲವು ವರುಷ ಬದುಕಿರುತ್ತವೆ. ಗುದ್ದಲಿಗೆ, ಕಾಲಿಗೆ, ಚೀಲಕ್ಕೆ ಅಂಟಿದ ಮಣ್ಣಿನಿಂದ ಒಂದು ಹೊಲದಿಂದ ಇನ್ನೊಂದಕ್ಕೆ ಹೋಗುತ್ತವೆ. ನೆರೆಯವರ ಹೊಲದಲ್ಲಿ ಕೆಲಸ ಮಾಡಿ ಬಂದ ಗುದ್ದಲಿಯನ್ನು ತೊಳೆಯದೆ ನಮ್ಮ ಹೊಲಕ್ಕೆ ಇಳಿಸಬಾರದು. ಹುಳು ಬಿದ್ದ ನೆಲಕ್ಕೆ ಆಲೂಗಡ್ಡೆಯ ಮೇಲೆ ಆಲೂಗಡ್ಡೆ ಹಾಕದೆ ಕ್ಯಾರೆಟ್ಟು, ಕೋಸು, ಬೆಳ್ಳುಳ್ಳಿ, ಹುರುಳಿಕಾಯಿಗಳನ್ನು ಸರದಿಯಲ್ಲಿ ಹಾಕಬೇಕು. ಉದಕಮಂಡಲದ ಬಳಿ ಮುತ್ತೊರೆಯಲ್ಲಿ 1957ರಲ್ಲಿ ಸ್ಥಾಪನೆಯಾದ ಆಲೂಗಡ್ಡೆ ಸಂಶೋಧನಾ ಕೇಂದ್ರವಿದೆ. ಈ ಹುಳುವನ್ನು ತಡೆಯುವ ಕುಫ್ರಿ ಸ್ವರ್ಣದಂಥ ತಳಿಗಳೂ ಬಂದಿವೆ.

ಬೇವು ತರುವ ದಿನ ಬೀಜದ ಕಡೆಗೂ ನೋಡಬೇಕು. ಕಾಳಿನ ಮಡಕೆಗೆ ಒಣಗಿದ ಬೇವಿನ ಸೊಪ್ಪು ಹಾಕುವುದು ನಮ್ಮ ಅಜ್ಜಿಯರ ಕೆಲಸವಾಗಿತ್ತು. ಬೇವಿನ ಬೀಜಗಳು ಜೂನ್ ಜುಲೈ ಹೊತ್ತಿಗೆ ಉದುರುತ್ತವೆ. ಅವನ್ನು ಆರಿಸಿ ಒಣಗಿಸಿ ಇಟ್ಟುಕೊಂಡರೆ, 5 ಕಿಲೋ ತಿರುಳಿನ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ರಾತ್ರಿ ನೀರಿನಲ್ಲಿ ನೆನೆಹಾಕಿ ಹಿಂಡಿ, 100 ಲೀಟರು ಮಾಡಿಕೊಂಡು ತರಕಾರಿಯ ಹುಳುವಿಗೆ ಸಿಂಪಡಿಸಬಹುದು. ಹಬ್ಬದಲ್ಲಿ ಹೂವು, ಹೊಲದಲ್ಲಿ ಬೀಜ. ಬಯಲಿನ ಬೇವಿನ ಮರವನ್ನು ಕಡಿಯುವ ಮುನ್ನ ಇದನ್ನು ಯೋಚಿಸಬೇಕು.

ಹೋಳಿಗೆಗೆ ಬೇಳೆ ನೆನೆಹಾಕುವ ದಿನವೇ ನೂರು ಕಾಳು ಬಿತ್ತನೆ ಬೀಜವನ್ನು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿಡಬೇಕು. ಬಟ್ಟೆ ಒಣಗದಂತೆ ನೀರು ಚಿಮುಕಿಸುತ್ತಿದ್ದು ಒಂದು ವಾರದ ಮೇಲೆ ಮೊಳಕೆಗಳನ್ನು ಎಣಿಸಬೇಕು. ರಾಗಿಯಲ್ಲಿ 75ಕ್ಕಿಂತ ಕಡಿಮೆ ಮೊಳೆತರೆ ಆ ಬೀಜವನ್ನು ಹಿಟ್ಟಿಗೆ ಕೊಟ್ಟು ಬೇರೆ ತರುವುದೇ ಲೇಸು. ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ. ನೂರಕ್ಕೆ ಇಷ್ಟು ಎಂಬ ಲೆಕ್ಕ ಶಾಲೆಯ ಕರಿಹಲಗೆಗಿಂತ ಇಲ್ಲಿ ಬೇಗ ತಲೆಗೆ ಹತ್ತುತ್ತದೆ.

ಪಂಚಾಂಗದಲ್ಲಿ ರಾಶಿ ರಾಶಿಗೆ ಆದಾಯ ಇಷ್ಟು, ವ್ಯಯ ಇಷ್ಟು ಎಂದು ಓದುವರು. ಆ ಹೊತ್ತಿಗೆ ನಮ್ಮ ಸ್ವಂತ ಆದಾಯ ವ್ಯಯವನ್ನೂ ಒಂದು ಹಾಳೆಯಲ್ಲಿ ಬರೆಯಬೇಕು. ಗುತ್ತಿಗೆ, ಆಳಿನ ಕರಾರು, ಅಂಗಡಿಯ ಬಾಕಿ ಇವೆಲ್ಲ ಹಿಂದೆ ಯುಗಾದಿಯಿಂದ ಯುಗಾದಿಗೆ ನಡೆಯುತ್ತಿದ್ದವು. ಲೆಕ್ಕ ಮುಗಿಸಿ ಹೊಸ ಪುಸ್ತಕ ತೆರೆಯುವ ದಿನವೆಂಬುದೇ ಆ ಪದ್ಧತಿಯ ತಿರುಳು. ಮೇಷರಾಶಿಯವನ ಸಾಲವನ್ನು ಪಂಚಾಂಗ ತೀರಿಸುವುದಿಲ್ಲ. ಎಷ್ಟು ಸಾಲವೆಂದು ಅವನಿಗೆ ಗೊತ್ತಿದ್ದರೆ ಅವನೇ ತೀರಿಸಿಯಾನು.

ಮಳೆ ಅಳೆಯುವುದು, ಹದ ನೋಡುವುದು

ಕೊನೆಯದಾಗಿ ಮಳೆ. ಯುಗಾದಿಯಂದು ನೆಟ್ಟಗಿನ ಗೋಡೆಯುಳ್ಳ ಒಂದು ಡಬ್ಬಿಯನ್ನು ಮರದ ಮರೆಯಿಲ್ಲದ ಬಯಲಿನಲ್ಲಿ ಗೂಟಕ್ಕೆ ಕಟ್ಟಿ ನಿಲ್ಲಿಸಿ. ದಿನವೂ ಬೆಳಗ್ಗೆ ಒಂದೇ ಹೊತ್ತಿಗೆ ಅದರಲ್ಲಿ ನಿಂತ ನೀರನ್ನು ಅಳತೆಪಟ್ಟಿಯಿಂದ ಮಿಲಿಮೀಟರಿನಲ್ಲಿ ಅಳೆದು ಬರೆದು ಚೆಲ್ಲಿ. ಒಂದು ಎಕರೆಯ ಮೇಲೆ ಒಂದು ಮಿಲಿಮೀಟರು ಮಳೆಯೆಂದರೆ ಸುಮಾರು 4,000 ಲೀಟರು ನೀರು. 25 ಮಿಲಿಮೀಟರು ಬಿದ್ದರೆ ಎಕರೆಗೆ ಒಂದು ಲಕ್ಷ ಲೀಟರು. ಈ ಲೆಕ್ಕ ಗೊತ್ತಾದ ಮೇಲೆ ಇಳಿಜಾರಿನಲ್ಲಿ ಬದು ಹಾಕದೆ ಇರಲು ಯಾರಿಗೂ ಮನಸ್ಸು ಬಾರದು.

ಡಬ್ಬಿಯೊಂದೇ ಸಾಲದು. ಮಳೆ ನಿಂತ ಮರುದಿನ ಗುದ್ದಲಿಯಿಂದ ಒಂದು ಗುಂಡಿ ತೆಗೆದು ನೋಡಬೇಕು. ಹಸಿ ಒಂದು ಗೇಣು ಇಳಿದಿದೆಯೇ? ಆ ಆಳದ ಮಣ್ಣನ್ನು ಹಿಡಿಯಲ್ಲಿ ಒತ್ತಿದರೆ ಉಂಡೆ ಕಟ್ಟುತ್ತದೆಯೇ, ಎಸೆದರೆ ಒಡೆಯುತ್ತದೆಯೇ? ಹಾಗಿದ್ದರೆ ಹದ ಬಂದಿತು. ಎರಡು ಬೆರಳು ಮಾತ್ರ ತೊಯ್ದಿದ್ದರೆ ಅದು ಕಳೆ ಹುಟ್ಟಿಸುವ ಮಳೆ. ಕಳೆ ಹುಟ್ಟಲಿ, ಇನ್ನೊಂದು ಉಳುಮೆಯಲ್ಲಿ ಅದನ್ನು ಮಗುಚಿ ಹಾಕಿ, ಬೀಜ ಮನೆಯಲ್ಲಿಯೇ ಇರಲಿ. ಇದರ ಜೊತೆಗೆ ಹವಾಮಾನ ಇಲಾಖೆಯವರು ನಾಲ್ಕೈದು ದಿನಗಳಿಗೆ ಹೇಳುವ ಮುನ್ಸೂಚನೆಯನ್ನೂ ಕೇಳಿಕೊಳ್ಳಬೇಕು. ಅವರ ಮಾತೂ ತಪ್ಪುವುದುಂಟು. ಆದರೆ ಅದು ಗಾಳಿಯನ್ನೂ ಮೋಡವನ್ನೂ ನೋಡಿ ಹೇಳಿದ ಮಾತು.

ಹೀಗೆ ಬರೆದಿಟ್ಟ ಪುಸ್ತಕ ಹತ್ತು ಯುಗಾದಿಗಳನ್ನು ಕಂಡರೆ ಅದು ನಿಮ್ಮ ಹೊಲದ ಸ್ವಂತ ಪಂಚಾಂಗವಾಗುತ್ತದೆ. ಅಶ್ವಿನಿಯಲ್ಲಿ ಎಷ್ಟು ವರುಷ ಮಳೆ ಬಂದು ಮೋಸಮಾಡಿತು, ಭರಣಿಯಲ್ಲಿ ಎಷ್ಟು ಸಾರಿ ಹದ ಸಿಕ್ಕಿತು ಎಂದು ಅದು ಹೇಳುತ್ತದೆ. ಭರಣಿಯ ಗಾದೆಯನ್ನು ಕಟ್ಟಿದವರೂ ಇದನ್ನೇ ಮಾಡಿದ್ದರು. ಅವರು ನೆನಪಿನಲ್ಲಿ ಬರೆದುಕೊಂಡರು, ನಾವು ಕಾಗದದಲ್ಲಿ ಬರೆದುಕೊಳ್ಳೋಣ. ಮುಂದಿನ ಯುಗಾದಿಯ ಸಂಜೆ ಊರ ಜಗಲಿಯಲ್ಲಿ ಪಂಚಾಂಗ ಶ್ರವಣವಾದ ಮೇಲೆ ಈ ಪುಸ್ತಕವನ್ನೂ ಯಾರಾದರೂ ಒಬ್ಬ ಹುಡುಗನೋ ಹುಡುಗಿಯೋ ಎದ್ದು ಓದಲಿ. ಗೂಡಲೂರಿನವರು ತಮ್ಮದನ್ನು, ಮಸಿನಗುಡಿಯವರು ತಮ್ಮದನ್ನು, ಮೇಲಿನ ಹಟ್ಟಿಯವರು ತಮ್ಮದನ್ನು ಓದಿಕೊಳ್ಳಲಿ.

ಓದುಗ ಬಾಂಧವರ ಮನೆಗಳಲ್ಲಿ ಹೊನ್ನೇರು ಯುಗಾದಿಯಂದೇ ಕಟ್ಟಲಿ. ಬೀಜದ ಚೀಲದ ಬಾಯಿ ಮಾತ್ರ ಹದಮಳೆ ಬಂದ ಮೇಲೆಯೇ ಬಿಚ್ಚಲಿ.